ಸೀಸೆಯ ಸಸಿಗೆ ಇನ್ನು ಎಳನೀರು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮ್ಮ ಲ್ಯಾಬಿನಿಂದ ಆಲೂಗಡ್ಡೆಯ ಟಿಶ್ಯೂ ಕಲ್ಚರ್ ಸಸಿ (ಗಿಡದ ಚಿಕ್ಕ ತುಣುಕಿನಿಂದ ಸೀಸೆಯಲ್ಲಿ ಬೆಳೆಸಿದ್ದು) ತರಿಸುವ ಎಲ್ಲರಿಗೂ ಈ ಪತ್ರ. ಮುಂದಿನ ಬ್ಯಾಚಿನಿಂದ ನಮ್ಮ ಮೀಡಿಯಂಗೆ, ಅಂದರೆ ಸೀಸೆಯಲ್ಲಿ ಸಸಿಗೆ ಆಹಾರವಾಗುವ ಮಿಶ್ರಣಕ್ಕೆ, ಬಿಎಪಿ ಎಂಬ ಕೃತಕ ಹಾರ್ಮೋನ್ ಹಾಕುವುದಿಲ್ಲ. ಶುರುವಿನ ಹಂತದಲ್ಲಿ ಅದರ ಬದಲು ಎಳನೀರು ಸೇರಿಸುತ್ತೇವೆ. ಇದರಿಂದ ಸಸಿ ನಿಮ್ಮ ಕೈಗೆ ಬರುವುದು ಸುಮಾರು ಒಂದು ತಿಂಗಳು ತಡವಾಗುತ್ತದೆ. ಅದಕ್ಕೇ ಮೊದಲೇ ತಿಳಿಸುತ್ತಿದ್ದೇವೆ.

ಬಿಎಪಿ ಹಾಕಿದರೆ ಒಂದೇ ಗೆಣ್ಣಿನಿಂದ ಚಿಗುರಿನ ಗೊಂಚಲೇ ಏಳುತ್ತದೆ. ಸೀಸೆ ತುಂಬಿ ಕಾಣುತ್ತದೆ. ಆದರೆ ಸ್ವಲ್ಪ ಜಾಸ್ತಿಯಾದರೂ ಚಿಗುರು ಸಣಕಲಾಗುತ್ತದೆ, ಬುಡದಲ್ಲಿ ಗಂಟು ಕಟ್ಟುತ್ತದೆ, ಬೇರು ಸರಿಯಾಗಿ ಬಿಡುವುದಿಲ್ಲ. ಕೆಲವು ಎಲೆ ಗಾಜಿನ ಹಾಗೆ ನೀರುನೀರಾಗುತ್ತವೆ. ಅಂಥ ಸಸಿ ಸೀಸೆಯಿಂದ ಹೊರಗೆ ಬಂದ ಕೂಡಲೇ ಬಾಡುತ್ತದೆ. ನೆರಳುಮನೆಯಲ್ಲಿ ಸಸಿ ಉಳಿಯಲಿಲ್ಲ ಎಂದು ನಿಮ್ಮಲ್ಲಿ ಕೆಲವರು ಬೇಸರದಿಂದ ಹೇಳಿದ್ದಿರಿ. ನೀವು ಹಿಂದಕ್ಕೆ ಕಳಿಸಿದ ಸಸಿಗಳನ್ನು ನೋಡಿದೆವು. ಅವಕ್ಕೆ ಬೇರುಗಳೇ ಇರಲಿಲ್ಲ. ತಪ್ಪು ನಮ್ಮದು.

ಎಳನೀರು ಎಂದರೆ ಹಾರ್ಮೋನ್ ಇಲ್ಲ ಎಂದಲ್ಲ. ಅದರಲ್ಲಿ ಝಿಯಾಟಿನ್ ಇದೆ. ಅದೂ ಬಿಎಪಿಯ ಗುಂಪಿನದೇ, ಗಿಡ ತಾನೇ ಮಾಡಿಕೊಳ್ಳುವಂಥದ್ದು. ಜೊತೆಗೆ ಸಕ್ಕರೆ, ಪೊಟ್ಯಾಸಿಯಂ, ಅಮೈನೋ ಆಮ್ಲಗಳೂ ಇವೆ. ಇದು ಹೊಸ ವಿದ್ಯೆಯೂ ಅಲ್ಲ. 1941ರಲ್ಲೇ ವಿಜ್ಞಾನಿ ವಾನ್ ಓವರ್‌ಬೀಕ್ ಮತ್ತು ಜೊತೆಗಾರರು ತೆಂಗಿನ ನೀರು ಹಾಕಿ ದತ್ತೂರ ಗಿಡದ ಎಳೆ ಭ್ರೂಣಗಳನ್ನು ಬೆಳೆಸಿದ್ದರು.

ಕಷ್ಟ ಇರುವುದು ಬೇರೆ ಕಡೆ. ಒಂದು ಕಾಯಿಯ ನೀರಿನಂತೆ ಇನ್ನೊಂದರದ್ದು ಇರುವುದಿಲ್ಲ. ಪ್ರಯೋಗದ ಸಮಯದಲ್ಲಿ ಎಳೆಕಾಯಿ, ಬಲಿತ ಕಾಯಿ ಎಂದು ನೋಡದೆ ನೀರು ಬಳಸಿದ್ದೆವು. ಒಂದು ಸಾಲಿನ ಸೀಸೆಗಳು ಚೆನ್ನಾಗಿ ಬೆಳೆದವು, ಪಕ್ಕದ ಸಾಲು ಹಾಗೇ ನಿಂತುಬಿಟ್ಟಿತು. ಅವನ್ನೆಲ್ಲ ಎಸೆದೆವು. ಈಗ ಒಂದೇ ಹದದ ಹಲವು ಎಳನೀರು ಒಟ್ಟು ಸೇರಿಸಿ, ಕುದಿಸಿ, ಸೋಸಿ, ಫ್ರೀಜರಿನಲ್ಲಿ ಇಡುತ್ತೇವೆ. ಪ್ರತಿ ಸಲದ ನೀರನ್ನೂ ಮೊದಲು ಕೆಲವೇ ಸೀಸೆಗಳಲ್ಲಿ ಮೂರು ವಾರ ನೋಡಿ, ಆಮೇಲೆ ಉಳಿದವಕ್ಕೆ ಹಾಕುತ್ತೇವೆ. ಲೀಟರ್ ಮೀಡಿಯಂಗೆ 100 ಮಿಲಿಲೀಟರ್, ಅಷ್ಟೇ.

ಅದೂ ಕುಡಿ ಕತ್ತರಿಸಿ ಇಟ್ಟ ಮೊದಲ ಹಂತಕ್ಕೆ ಮಾತ್ರ. ಅರ್ಧ ಮಿಲಿಮೀಟರಿಗಿಂತ ಚಿಕ್ಕ ಕುಡಿ ಅದು, ಆಸರೆ ಬೇಕು. ಸಸಿ ಚೇತರಿಸಿಕೊಂಡ ಮೇಲೆ ಗೆಣ್ಣು ಕತ್ತರಿಸಿ ಹೆಚ್ಚಿಸುವಾಗ ಸಾದಾ ಎಂಎಸ್ ಮೀಡಿಯಂ (ಲವಣ, ವಿಟಮಿನ್ ಸೇರಿದ ಸಾಮಾನ್ಯ ಮಿಶ್ರಣ), ಲೀಟರಿಗೆ 30 ಗ್ರಾಂ ಸಕ್ಕರೆ. ಆಲೂಗಡ್ಡೆಯ ಗೆಣ್ಣಿಗೆ ಅಷ್ಟು ಸಾಕು, ತಾನಾಗಿ ಚಿಗುರಿ ಬೇರು ಬಿಡುತ್ತದೆ. ಆದರೆ ಗೆಣ್ಣಿಗೆ ಸಾಮಾನ್ಯವಾಗಿ ಒಂದೇ ಚಿಗುರು. ತಡವಾಗುವುದು ಇದಕ್ಕೇ.

ಒಂದು ಮಾತು ದಯವಿಟ್ಟು ಗಮನಿಸಿ. ಎಳನೀರು ವೈರಸ್ ತೆಗೆಯುವುದಿಲ್ಲ. ಆ ಕೆಲಸ ಚಿಕ್ಕ ಕುಡಿಯಿಂದ ಸಸಿ ಬೆಳೆಸುವ ಕುಡಿ ಕಲ್ಚರಿನದು, ಖಾತ್ರಿ ಮಾಡಿಕೊಳ್ಳುವುದು ಪರೀಕ್ಷೆಯಿಂದ. ಪಿವಿವೈ, ಪಿವಿಎಕ್ಸ್, ಎಲೆ ಸುರುಳಿ ಎಂಬ ಆಲೂಗಡ್ಡೆ ವೈರಸ್ ಪರೀಕ್ಷೆಗಳು ಮೊದಲಿನಂತೆಯೇ ನಡೆಯುತ್ತವೆ. ಲೇಬಲ್ಲಿನ ಮೇಲೆ ‘ನೈಸರ್ಗಿಕ ಸಸಿ’ ಎಂದೂ ಬರೆಯುವುದಿಲ್ಲ. ಮೀಡಿಯಂನ ಲವಣಗಳು ಈಗಲೂ ರಾಸಾಯನಿಕಗಳೇ ಅಲ್ವಾ.

ಹೊಸ ಸೀಸೆಯಲ್ಲಿ ಸಸಿ ಕಡಿಮೆ ಕಾಣುತ್ತವೆ, ಗಾಬರಿ ಬೇಡ. ಕಾಂಡದ ದಪ್ಪ ನೋಡಿ, ಬಿಳಿ ಬೇರು ನೋಡಿ. ನೆಡುವ ಮೊದಲು ಬೇರಿಗೆ ಅಂಟಿದ ಅಗರ್ (ಮೀಡಿಯಂ ಗಟ್ಟಿ ಮಾಡುವ ಅಂಟು) ಪೂರ್ತಿ ತೊಳೆಯಿರಿ. ಅದರ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ.

ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ಮೀಡಿಯಂನ ಸಸಿ ಹೇಳಿದ ದಿನಕ್ಕೇ ಬರುತ್ತದೆ. ಒಂದು ತಿಂಗಳು ಕಾಯಬಲ್ಲೆವು ಎನ್ನುವವರು ತಿಳಿಸಿ, ಹೊಸ ಬ್ಯಾಚಿನಿಂದಲೇ ಕಳಿಸುತ್ತೇವೆ.

ನಿಮ್ಮ ವಿಶ್ವಾಸದ,
ಲ್ಯಾಬಿನ ಎಲ್ಲರ ಪರವಾಗಿ