ಬ್ಯಾಟರಿ ಬದಲಿಸುವ ಮುಂಚೆ ಚಾರ್ಜಿಂಗ್ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲೂ ರೆಸಾರ್ಟ್‌ಗಳಲ್ಲೂ ಶೆಡ್ಡಿನಲ್ಲಿ ನಿಂತಿದ್ದ ಎಟಿವಿಗಳನ್ನು (ಕಚ್ಚಾ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ಬೈಕ್) ಹೊರಗೆ ತೆಗೆಯುವಾಗ ಕೇಳಿಬರುವ ದೂರು ಒಂದೇ: ಸೆಲ್ಫ್ ಎತ್ತುತ್ತಿಲ್ಲ. ಹಿಂದೆ ಮುಂದೆ ನೋಡದೆ ಹೊಸ ಬ್ಯಾಟರಿ ಹಾಕಿಸುತ್ತಾರೆ, ಕೆಲವೇ ದಿನಗಳಲ್ಲಿ ಅದೂ ಇಳಿದುಹೋಗುತ್ತದೆ. ಕೆಟ್ಟಿರುವುದು ಬ್ಯಾಟರಿಯೋ, ಅದಕ್ಕೆ ಕರೆಂಟು ತುಂಬುವ ಭಾಗವೋ ಎಂದು ತಿಳಿಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ದುಡ್ಡು ಖರ್ಚು ಮಾಡುವ ಮುಂಚೆ ಇಷ್ಟನ್ನಾದರೂ ನೋಡಬೇಕೆಂದು ವಾಹನ ಇಟ್ಟುಕೊಂಡವರಲ್ಲೂ ಮೆಕ್ಯಾನಿಕ್‌ಗಳಲ್ಲೂ ವಿನಂತಿ.

ಅರ್ಧ ಇಳಿದ ಬ್ಯಾಟರಿ ಇಟ್ಟುಕೊಂಡು ಮಾಡುವ ಪರೀಕ್ಷೆಗೆ ಅರ್ಥವಿಲ್ಲ. ಮೊದಲು ಪೂರ್ತಿ ಚಾರ್ಜ್ ಮಾಡಿ. 30 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಕರೆಂಟಿನ ಅಳತೆ) ಬ್ಯಾಟರಿಗೆ 3 ಆಂಪಿಯರ್, ಅಂದರೆ ಹತ್ತನೇ ಒಂದು ಭಾಗ ಸಾಕು. ಲಾರಿ ಬ್ಯಾಟರಿಯ ಹಳೇ ಚಾರ್ಜರ್ ಬೇಡ, ಸೀಲ್ ಮಾಡಿದ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಟ್ಟುಕೊಂಡಿರುವ ಬಗೆ) ಅದಕ್ಕೆ ಊದಿಕೊಳ್ಳುತ್ತದೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದಾಗ 12.7 ವೋಲ್ಟ್ ಆಸುಪಾಸು ಇರಬೇಕು. 12.4 ದಾಟದಿದ್ದರೆ, ಅಥವಾ ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುಗಿದಿದೆ. ಇಳಿದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ.

ಬ್ಯಾಟರಿ ಸರಿಯಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಎಂಜಿನ್ ಚಾಲೂ ಮಾಡಿ. 3,000ರಿಂದ 4,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಬ್ಯಾಟರಿ ಟರ್ಮಿನಲ್‌ಗಳ ನಡುವೆ ಸುಮಾರು 13.8ರಿಂದ 14.6 ವೋಲ್ಟ್ ಬರಬೇಕು. ಆಕ್ಸಿಲರೇಟರ್ ಕೊಟ್ಟರೂ 12.5ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಬಹುಪಾಲು, ಬ್ಯಾಟರಿಗೆ ಹೋಗುವ ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್‌ನದ್ದೇ ದೋಷ, ಆ ಸ್ಥಿತಿಯಲ್ಲಿ ಹೊಸ ಬ್ಯಾಟರಿ ಹಾಕಿದರೆ ಅದೂ ಬೆಂದುಹೋಗುತ್ತದೆ.

ಚಾರ್ಜ್ ಆಗದಿದ್ದರೆ ಮೊದಲು ಕೈ ಹಾಕಬೇಕಾದ್ದು ಸ್ಟೇಟರ್‌ನಿಂದ (ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಕಾಯಿಲ್‌ಗಳ ಭಾಗ) ರೆಗ್ಯುಲೇಟರ್‌ಗೆ ಹೋಗುವ ವೈರ್‌ಗಳನ್ನು ಜೋಡಿಸುವ ಕಪ್ಲರ್‌ಗೆ. ಸಾಮಾನ್ಯವಾಗಿ ಒಂದೇ ಬಣ್ಣದ ಮೂರು ವೈರ್‌ಗಳಿರುತ್ತವೆ, ಹಲವು ಮಾದರಿಗಳಲ್ಲಿ ಹಳದಿ. ಬಿಚ್ಚಿ ನೋಡಿದರೆ ಎಷ್ಟೋ ಸಲ ಪ್ಲಾಸ್ಟಿಕ್ ಕಂದುಗಟ್ಟಿ ಒಂದು ಪಿನ್ನಿನ ಸುತ್ತ ಕರಗಿರುತ್ತದೆ, ಇಲ್ಲವೇ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿರುತ್ತದೆ. ಕೆಸರಿನಲ್ಲಿ ಓಡಿಸಿ ಬಂದು ಪ್ರೆಶರ್ ವಾಷರ್ ಹಿಡಿಯುವಾಗ ನೀರು ಒಳಗೆ ನುಗ್ಗುತ್ತದೆ. ಪಿನ್ನು ಕಿಲುಬಾದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸಡಿಲವಾಗುತ್ತದೆ. ಇದನ್ನು ಮರಳುಕಾಗದದಲ್ಲಿ ಉಜ್ಜಿ ಮತ್ತೆ ಸಿಕ್ಕಿಸಿದರೆ ಬಾಳುವುದಿಲ್ಲ. ಸುಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ವೈರ್ ಮತ್ತು ನೀರು ಹೋಗದ ಹೊಸ ಕಪ್ಲರ್ ಹಾಕಬೇಕು. ಹಾಗೆಯೇ ರೆಗ್ಯುಲೇಟರ್‌ನ ರೆಕ್ಕೆಗಳ ನಡುವೆ ಕೆಸರು ಒಣಗಿ ಕೂತಿದ್ದರೆ ಕೆರೆದು ತೆಗೆಯಿರಿ. ಬಿಸಿ ಹೊರಹೋಗದಿದ್ದರೆ ಆ ಭಾಗ ಬೇಗ ಸಾಯುತ್ತದೆ.

ಕಪ್ಲರ್ ಬಿಚ್ಚಿರುವಾಗಲೇ ಸ್ಟೇಟರ್ ಪರೀಕ್ಷೆಯನ್ನೂ ಮುಗಿಸಿಕೊಳ್ಳಬಹುದು. ಎಂಜಿನ್ ನಿಲ್ಲಿಸಿ, ಮೂರು ವೈರ್‌ಗಳನ್ನು ಎರಡೆರಡಾಗಿ ಅಳೆದರೆ ಮೂರು ಸಲವೂ ಒಂದೇ ಓಮ್ ಬರಬೇಕು, ಸಾಮಾನ್ಯವಾಗಿ 1ಕ್ಕಿಂತ ಕಡಿಮೆ. ಯಾವ ವೈರ್‌ಗೂ ಬಾಡಿಗೂ ಸಂಪರ್ಕ ಇರಕೂಡದು. ಆಮೇಲೆ ಎಂಜಿನ್ ಚಾಲೂ ಮಾಡಿ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ. ಮೂರೂ ಜೋಡಿಯಲ್ಲಿ ಸರಿಸಮವಾಗಿ ಬಂದು, ಆರ್‌ಪಿಎಂ ಏರಿದಂತೆ ವೋಲ್ಟೂ ಏರಬೇಕು. ಏರಿಸಿದಾಗ 50 ದಾಟುವುದುಂಟು, ಬರಿಗೈ ತಾಗಿಸಬೇಡಿ. ಒಂದೆರಡು ಜೋಡಿ ಮಾತ್ರ ತೀರಾ ಕಡಿಮೆ ತೋರಿಸಿದರೆ ಕಾಯಿಲ್ ಸುಟ್ಟಿದೆ. ಮೂರೂ ಸರಿಯಿದ್ದೂ ಬ್ಯಾಟರಿಗೆ ಚಾರ್ಜ್ ಬರದಿದ್ದರೆ ದೋಷ ಇರುವುದು ರೆಗ್ಯುಲೇಟರ್‌ನಲ್ಲಿ, ಇಲ್ಲವೇ ನಡುವಿನ ವೈರ್, ಫ್ಯೂಸ್ ಅಥವಾ ಅರ್ಥ್‌ನಲ್ಲಿ (ಬಾಡಿಗೆ ಸೇರುವ ನೆಗೆಟಿವ್ ವೈರ್). ರೆಗ್ಯುಲೇಟರ್ ಕೊಳ್ಳುವ ಮುಂಚೆ ಕಪ್ಲರ್ ಸೇರಿಸಿ, ಎಂಜಿನ್ ಓಡುತ್ತಿರುವಾಗ ಅದರ ಪಾಸಿಟಿವ್ ವೈರ್‌ಗೂ ಬ್ಯಾಟರಿ ಪಾಸಿಟಿವ್‌ಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. 0.3ಕ್ಕಿಂತ ಹೆಚ್ಚಿದ್ದರೆ ದೋಷ ವೈರಿನದು. ಅರ್ಥ್ ಕಡೆಯೂ ಹೀಗೇ. ಶೆಡ್ಡಿನಲ್ಲಿ ಇಲಿ ಕಡಿದ ವೈರ್ ಇಲ್ಲಿ ಸಿಕ್ಕಿಬೀಳುತ್ತದೆ.

ಎಲ್ಲವೂ ಸರಿಯಿದ್ದು ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ, ಕೀ ತೆಗೆದು ನೆಗೆಟಿವ್ ಟರ್ಮಿನಲ್‌ಗೂ ಅದರ ವೈರ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. ಈ ಹೊತ್ತಿನಲ್ಲಿ ಸೆಲ್ಫ್ ಒತ್ತಿದರೆ ಮೀಟರ್ ಹೋಯಿತು. ಕೆಲವೇ ಮಿಲಿಆಂಪಿಯರ್ ಇದ್ದರೆ ಚಿಂತೆಯಿಲ್ಲ. ಜಿಪಿಎಸ್ ಟ್ರ್ಯಾಕರ್, ಮೊಬೈಲ್ ಚಾರ್ಜಿಂಗ್ ಸಾಕೆಟ್ ಇತ್ಯಾದಿಗಳನ್ನು ನೇರ ಬ್ಯಾಟರಿಗೆ ಕೊಟ್ಟು 50 ಮಿಲಿಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 1.2 ಎಎಚ್ ಖಾಲಿ. 30 ಎಎಚ್ ಬ್ಯಾಟರಿ 25 ದಿನದಲ್ಲಿ ಬರಿದು.

ಬಳಕೆಯ ತಪ್ಪೂ ಇದೆ. ವಿಂಚ್ (ಹೂತ ವಾಹನ, ಮರ ಎಳೆಯುವ ಹಗ್ಗದ ಮೋಟಾರು) ಪೂರ್ತಿ ಭಾರ ಎಳೆಯುವಾಗ 100 ಆಂಪಿಯರ್‌ಗೂ ಹೆಚ್ಚು ಕೇಳುತ್ತದೆ, ಸ್ಟೇಟರ್‌ಗೆ ಅಷ್ಟು ಕೊಡುವ ತಾಕತ್ತಿಲ್ಲ. ಎಳೆದ ಮೇಲೆ ಸ್ವಲ್ಪ ಹೊತ್ತು ಏರು ಆರ್‌ಪಿಎಂನಲ್ಲಿ ಓಡಿಸಿ. ಓಡುತ್ತಿರುವ ಎಂಜಿನ್ನಿನ ಬ್ಯಾಟರಿ ವೈರ್ ಕಳಚಿ ‘ಚಾರ್ಜ್ ಬರ್ತಿದೆಯಾ’ ಎಂದು ನೋಡುವ ಅಭ್ಯಾಸವನ್ನಂತೂ ಬಿಡಲೇಬೇಕು. ಆ ಕ್ಷಣ ವೋಲ್ಟೇಜ್ ಜಿಗಿದು ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಡಬಹುದು.

ಓಮ್, ಎಸಿ ವೋಲ್ಟ್, ಚಾರ್ಜಿಂಗ್ ವೋಲ್ಟ್‌ಗಳ ನಿಖರ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಇವು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತವೆ, ತೋಟದ ಮೆಕ್ಯಾನಿಕ್ ಕೈಗೆ ಅದು ಸಿಗುವುದಿಲ್ಲ. ಮಾರಾಟಗಾರರು ವಾಹನ ಕೊಡುವಾಗಲೇ ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಕೊಡಬೇಕು. ಕೊಳ್ಳುವವರೂ ಅದನ್ನು ಕೇಳಿ ಪಡೆಯಬೇಕು.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ಸಕಲೇಶಪುರ