ನಾಯಿಗೆ ದಿನಕ್ಕೊಂದು ನಿಯಮ ಬೇಡ

ಮಾನ್ಯ ಸಂಪಾದಕರೇ,

ಬಾಗಲಕೋಟೆ ಸೀಮೆಯ ಮುಧೋಳ ನಾಯಿಯನ್ನು ಈಗ ಬೆಂಗಳೂರು, ಮೈಸೂರಿನ ಮನೆಗಳಲ್ಲೂ ಸಾಕುವವರಿದ್ದಾರೆ. ಸಂತೋಷದ ವಿಚಾರವೇ. ಆದರೆ ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ‘ಈ ತಳಿ ಹಟಮಾರಿ, ಹೇಳಿದ ಮಾತು ಕೇಳುವುದಿಲ್ಲ’ ಎಂಬ ದೂರು ಶುರುವಾಗುತ್ತದೆ. ಭಾರತೀಯ ಸೇನೆಯು 2016ರಲ್ಲಿ ಇದೇ ತಳಿಯ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ನೀಡಿದ್ದನ್ನು ನೆನೆದರೆ, ದೋಷವನ್ನೆಲ್ಲ ತಳಿಯ ತಲೆಗೆ ಕಟ್ಟುವುದು ನ್ಯಾಯವೆನಿಸದು. (ಓಡುವ ಬೆಕ್ಕನ್ನು ಕಂಡರೆ ಬೆನ್ನಟ್ಟುವುದು ಬೇಟೆನಾಯಿಯ ಹುಟ್ಟುಗುಣ, ಆ ಮಾತು ಬೇರೆ.)

ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಊಟದ ಹೊತ್ತಿಗೆ ನಾಯಿ ಪಕ್ಕಕ್ಕೆ ಬಂದರೆ ಅಮ್ಮ ಗದರುತ್ತಾರೆ, ಅಜ್ಜ ಯಾರಿಗೂ ಕಾಣದಂತೆ ಚಪಾತಿಯ ಚೂರು ಹಾಕುತ್ತಾರೆ. ಮಗ ‘ಸಿಟ್’ ಎಂದರೆ ಅಪ್ಪ ‘ಕೂತ್ಕೋ’ ಎನ್ನುತ್ತಾರೆ. ಹಳೆಯ ಬಟ್ಟೆಯಲ್ಲಿದ್ದಾಗ ಮೈಮೇಲೆ ಹಾರಿದರೆ ಮುದ್ದು, ಇಸ್ತ್ರಿ ಅಂಗಿ ತೊಟ್ಟು ಕಚೇರಿಗೆ ಹೊರಟಾಗ ಹಾರಿದರೆ ಏಟು. ಇಸ್ತ್ರಿಯ ಬೆಲೆ ನಾಯಿಗೆ ಹೇಗೆ ತಿಳಿಯಬೇಕು?

ಅಪರೂಪಕ್ಕೊಮ್ಮೆ ಕೊಟ್ಟರೆ ಏನೂ ಆಗದೆಂಬುದು ತಪ್ಪು ಎಣಿಕೆ. ಪ್ರತಿಸಲವೂ ಸಿಗುತ್ತಿದ್ದ ತಿನಿಸು ನಿಂತರೆ ಪ್ರಾಣಿ ಬೇಗ ಆಸೆ ಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದದ್ದು ನಿಂತರೆ ಬಹುಕಾಲ ಪ್ರಯತ್ನ ಬಿಡುವುದಿಲ್ಲ ಎಂಬುದನ್ನು ಬಿ.ಎಫ್. ಸ್ಕಿನ್ನರ್ ಮೊದಲಾದ ವಿಜ್ಞಾನಿಗಳು ಇಲಿ, ಪಾರಿವಾಳಗಳ ಪ್ರಯೋಗಗಳಲ್ಲಿ ಬಹಳ ಹಿಂದೆಯೇ ತೋರಿಸಿದ್ದಾರೆ. ಅಜ್ಜನ ಚೂರು ಮಾಡುವ ಕೆಲಸ ಇದೇ. ಇನ್ನೂ ಕಷ್ಟದ ಘಟ್ಟವೊಂದಿದೆ: ತಿನಿಸಿಗಾಗಿ ಬೊಗಳುವ ನಾಯಿಯತ್ತ ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಬೊಗಳು ತಗ್ಗುವ ಬದಲು ಜೋರಾಗುವುದುಂಟು. ಅಕ್ಕಪಕ್ಕದವರಿಗೆ ಅಂಜಿ ಆಗಲೇ ಬಿಸ್ಕತ್ತು ಎಸೆದರೆ, ಇನ್ನಷ್ಟು ಗಟ್ಟಿಯಾಗಿ ಬೊಗಳಿದರೆ ಸಿಗುತ್ತದೆಂದು ನಾವೇ ಕಲಿಸಿಕೊಟ್ಟಂತೆ. ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಆ ದಿನಗಳು ಹೇಗೋ ಕಳೆಯುತ್ತವೆ.

ಇದಕ್ಕೆ ಬೆತ್ತವೂ ಬೇಡ, ಕೂಗಾಟವೂ ಬೇಡ. ಕೂತ ತಕ್ಷಣ ಮೆಚ್ಚಬೇಕು. ತಿನಿಸು ಹುಡುಕಿ ತರುವಷ್ಟರಲ್ಲಿ ಅದು ಎದ್ದಿದ್ದರೆ, ಎದ್ದದ್ದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ.

ಮರಿ ಮಾರುವವರು ಮತ್ತು ಪಶುವೈದ್ಯರಲ್ಲಿ ನನ್ನದೊಂದು ವಿನಂತಿ. ಮೊದಲ ಲಸಿಕೆಯ ದಿನವೇ ಮನೆಮಂದಿಯನ್ನೆಲ್ಲ, ವಿಶೇಷವಾಗಿ ಅಜ್ಜ-ಅಜ್ಜಿಯರನ್ನು ಮತ್ತು ಮನೆಗೆಲಸಕ್ಕೆ ಬರುವವರನ್ನು ಕೂರಿಸಿಕೊಂಡು, ಯಾವ ಆಜ್ಞೆಗೆ ಯಾವ ಪದ, ಊಟ ಎಲ್ಲಿ, ಸೋಫಾ ಹತ್ತಬಹುದೇ ಬೇಡವೇ ಎಂಬುದನ್ನು ಅವರಿಂದಲೇ ಒಂದು ಹಾಳೆಯಲ್ಲಿ ಬರೆಸಿ ಕೊಟ್ಟು ಕಳುಹಿಸಲಿ.

— ಓದುಗರೊಬ್ಬರು, ಮೈಸೂರು