ಸೆಲ್ಫ್ ಬಿಚ್ಚುವ ಮೊದಲು ಅರ್ಥಿಂಗ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಆರೈಕೆಯನ್ನು ಕುರಿತು ತಮ್ಮ ಪುರವಣಿಯಲ್ಲಿ ಈಚೆಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಕೀಲಿ ತಿರುವಿದಾಗ ಎಂಜಿನ್ ತಿರುಗದಿದ್ದರೆ ಮೊದಲು ಬ್ಯಾಟರಿಯನ್ನು, ಆಗಲೂ ತಿರುಗದಿದ್ದರೆ ಸ್ಟಾರ್ಟರ್ ಮೋಟಾರನ್ನು, ಅಂದರೆ ನಮ್ಮ ಕಡೆ ‘ಸೆಲ್ಫ್’ ಎನ್ನುವುದನ್ನು, ಬದಲಿಸಬೇಕೆಂದು ಅದರಲ್ಲಿ ಸಲಹೆ ಇತ್ತು. ಇದೇ ಸಲಹೆಯಂತೆ ನಡೆದು ನಾನು ಹಣವನ್ನೂ ಎರಡು ತಿಂಗಳನ್ನೂ ಕಳೆದುಕೊಂಡೆ. ಬೇರೆಯವರಿಗೆ ಹಾಗಾಗದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು 1970ರ ದಶಕದಲ್ಲಿ ಕೊಂಡ ಅಂಬಾಸಿಡರ್ ಕಾರು ಇಂದಿಗೂ ಬಳ್ಳಾರಿಯ ನಮ್ಮ ಮನೆಯಲ್ಲಿದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಕೀಲಿ ತಿರುವಿದರೆ ಟಕ್ ಎಂಬ ಸದ್ದು ಮಾತ್ರ ಬಂದು, ಎಂಜಿನ್ ಒಮ್ಮೆ ಮುಲುಗಿ ಸುಮ್ಮನಾಯಿತು. ಊರಿನ ಒಂದು ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿದರು, ಗುಣ ಕಾಣಲಿಲ್ಲ. ಸೆಲ್ಫ್ ಸುಟ್ಟಿದೆ ಎಂದು ಹೇಳಿ ಅದನ್ನು ಬಿಚ್ಚಿ ಬೇರೊಂದನ್ನು ಜೋಡಿಸಿದರು. ಆಗಲೂ ಅದೇ ಟಕ್ ಸದ್ದು, ಅದೇ ಮುಲುಗು. ಮತ್ತೆ ಮತ್ತೆ ಕೀಲಿ ತಿರುವುವಾಗ ತಣ್ಣಗಿನ ಎಂಜಿನ್ ಹತ್ತಿಸಲು ಬಳಸುವ ಚೋಕ್ ಗುಂಡಿಯನ್ನು ಎಳೆಯಲು ಹೋದ ನನ್ನ ಮಗ ಬೆರಳು ಸುಟ್ಟಿತೆಂದು ಕೈ ಹಿಂದಕ್ಕೆ ತೆಗೆದುಕೊಂಡ. ಚೋಕ್ ಕೇಬಲ್ ಬಿಸಿಯಾಗಿತ್ತು. ರೋಗ ಎಲ್ಲಿದೆ ಎಂಬುದನ್ನು ಕಾರು ಆ ಹೊತ್ತಿಗೇ ಹೇಳಿತ್ತು, ಆದರೆ ಅದು ನಮಗ್ಯಾರಿಗೂ ಅರ್ಥವಾಗಲಿಲ್ಲ.

ಕೊನೆಗೆ ಕೌಲ್ ಬಜಾರಿನ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೆ ಕರೆತಂದೆವು. ಅವರು ಸ್ಪ್ಯಾನರನ್ನು ಮುಟ್ಟುವ ಮೊದಲು ಚೋಕ್ ಕೇಬಲ್ಲಿನ ವಿಷಯ ಕೇಳಿ ತಲೆಯಾಡಿಸಿ, ಚೀಲದಿಂದ ಮಲ್ಟಿಮೀಟರ್ ತೆಗೆದರು. ಕೀಲಿ ತಿರುವಿ ಹಿಡಿದಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 11.8 ವೋಲ್ಟ್ ಇತ್ತು. ಸೆಲ್ಫಿನ ಟರ್ಮಿನಲ್ಲಿಗೂ ಅದರ ಮೈಗೂ ನಡುವೆ ಅಳೆದರೆ ಸಿಕ್ಕಿದ್ದು ಬರೀ 5.2 ವೋಲ್ಟ್. ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕಲು ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ (ಕಾರಿನ ಬಾಡಿಗೆ ಜೋಡಿಸಿರುವ ಕಂಬಕ್ಕೂ) ಇಟ್ಟಾಗ 6.1 ವೋಲ್ಟ್ ಕಂಡಿತು. ಎಂಜಿನ್ನನ್ನು ಕಾರಿನ ಬಾಡಿಗೆ ಕೂಡಿಸುವ, ತಾಮ್ರದ ಎಳೆಗಳಿಂದ ಹೆಣೆದ ಅರ್ಥಿಂಗ್ ಪಟ್ಟಿ ಬೋಲ್ಟಿನ ಅಡಿಯಲ್ಲಿ ಹಸಿರುಗಟ್ಟಿ ಅರ್ಧಕ್ಕರ್ಧ ಹರಿದಿತ್ತು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ರಬ್ಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಸೆಲ್ಫಿನ ಮೂಲಕ ಹೋದ ಅಷ್ಟೂ ಕರೆಂಟು ಬ್ಯಾಟರಿಗೆ ಮರಳುವುದಕ್ಕೆ ಈ ಒಂದು ಪಟ್ಟಿಯೇ ದಾರಿ. ಅದು ಕೆಟ್ಟರೆ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹೀಗೆ ಸಿಕ್ಕ ಲೋಹವನ್ನೆಲ್ಲ ದಾರಿ ಮಾಡಿಕೊಂಡು ಅವನ್ನು ಕಾಯಿಸುತ್ತದೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆಯಲ್ಲ, ವೈರಿಂಗ್ ಸರಿಯಿರಲೇಬೇಕು ಎಂದು ಗ್ಯಾರೇಜಿನವರು ಹೇಳಿದ್ದರು. ಆದರೆ ಹೆಡ್‌ಲೈಟಿನ ಕರೆಂಟು ಬಾಡಿಯಿಂದ ನೇರವಾಗಿ ಬ್ಯಾಟರಿಗೆ ಮರಳುತ್ತದೆ, ಆ ಪಟ್ಟಿಯ ಮೂಲಕ ಹರಿಯುವುದೇ ಇಲ್ಲ. ಹರಿಯುವ ಕಡೆಯಲ್ಲಿ ಸಡಿಲವಿದ್ದರೂ ದೀಪ ಅದನ್ನು ತೋರಿಸಿಕೊಡುವುದು ಅಪರೂಪ. ಕೂಡಿಕೆಯೊಂದರಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ಅಡ್ಡಿಯಿದೆ ಎಂದಿಟ್ಟುಕೊಳ್ಳಿ. ಒಂದು ದೀಪದ 4 ಆಂಪಿಯರಿಗೆ ಅಲ್ಲಿ ನಷ್ಟವಾಗುವುದು 0.04 ವೋಲ್ಟ್, ಅದು ಕಣ್ಣಿಗೆ ಕಾಣದು. ಸೆಲ್ಫ್ 200 ಆಂಪಿಯರ್ ಎಳೆದಾಗ ಅದೇ ಕೂಡಿಕೆ 2 ವೋಲ್ಟನ್ನು ನುಂಗುತ್ತದೆ. ಓಮ್ ಅಳೆಯುವ ಸಾಮಾನ್ಯ ಮೀಟರಿಗೂ ಇಷ್ಟು ಸಣ್ಣ ಅಡ್ಡಿ ಸಿಕ್ಕುವುದಿಲ್ಲವಾದ್ದರಿಂದ, ಕೀಲಿ ತಿರುವಿರುವಾಗಲೇ ವೋಲ್ಟ್ ಅಳೆಯಬೇಕು. ಅರ್ಥಿಂಗಿನ ಕಡೆ 0.2, ಬ್ಯಾಟರಿಯಿಂದ ಸೆಲ್ಫಿಗೆ ಬರುವ ದಪ್ಪ ಕೇಬಲ್ಲಿನ ಕಡೆ 0.5 ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಅಲ್ಲಿದೆಯೆಂದೇ ತಿಳಿಯಬೇಕು.

ಬ್ಯಾಟರಿಯನ್ನು ಮೊದಲು ನೋಡಬಾರದೆಂದು ನಾನು ಹೇಳುತ್ತಿಲ್ಲ. ನಿಂತ ಕಾರಿನಲ್ಲಿ 12.6 ವೋಲ್ಟಿನ ಸುತ್ತಮುತ್ತ ಇದ್ದರೆ ಅದು ತುಂಬಿದ ಬ್ಯಾಟರಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬೇಕು. ನಮ್ಮ ಬಳ್ಳಾರಿಯ ಬಿಸಿಲಿಗೆ ನೀರು ಬೇಗ ಇಂಗುತ್ತದೆ. ಹಲವರು ಕೊಳವೆಬಾವಿಯ ನೀರನ್ನೇ ಸುರಿದುಬಿಡುತ್ತಾರೆ. ಅದರ ಲವಣ ಬ್ಯಾಟರಿಯ ಫಲಕಗಳನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ನೀರಲ್ಲದೆ ಬೇರಾವುದನ್ನೂ ಹಾಕಬಾರದು.

ಹಳೆಯ ಬ್ರಿಟಿಷ್ ಮಾದರಿಯ ಸೆಲ್ಫುಗಳಲ್ಲಿ ಇನ್ನೊಂದು ಸಂಗತಿಯಿದೆ. ಮೋಟಾರು ಗಿರ್ರನೆ ತಿರುಗಿಯೂ ಎಂಜಿನ್ ತಿರುಗದಿದ್ದರೆ, ಸೆಲ್ಫನ್ನು ಎಂಜಿನ್ನಿಗೆ ಕೂಡಿಸುವ ಬೆಂಡಿಕ್ಸ್ ಎಂಬ ಭಾಗದ ಸುರುಳಿಯಲ್ಲಿ ಕೊಳೆ ಸೇರಿ, ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಮುಂದೆ ಸರಿಯುತ್ತಿಲ್ಲವೆಂದು ಅರ್ಥ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕೇ ಹೊರತು ಗ್ರೀಸನ್ನಾಗಲಿ ಆಯಿಲನ್ನಾಗಲಿ ಹಚ್ಚಬಾರದು. ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳಿನ ನಮ್ಮ ರಸ್ತೆಗಳಲ್ಲಿ ಹಚ್ಚಿದ ಗ್ರೀಸು ಕೆಲವೇ ದಿನಗಳಲ್ಲಿ ಕೆಸರಾಗುತ್ತದೆ. ಪಿನಿಯನ್ ಎಂಜಿನ್ನಿನ ಚಕ್ರದ ಹಲ್ಲುಗಳಲ್ಲಿ ಸಿಕ್ಕಿಕೊಂಡಿದ್ದರೆ, ಕೀಲಿಯನ್ನು ತೆಗೆದು ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಅಲುಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ.

ಕಾರಿನ ಅಡಿಗೆ ಕೈ ಚಾಚಿ ಸ್ಕ್ರೂ ಡ್ರೈವರಿನಿಂದ ಸೆಲ್ಫಿನ ಟರ್ಮಿನಲ್ಲುಗಳನ್ನು ಕೂಡಿಸಿ ನೋಡುವ ಪದ್ಧತಿಯನ್ನು ಮಾತ್ರ ದಯವಿಟ್ಟು ಯಾರೂ ಅನುಸರಿಸಬಾರದು. ಕಾರು ಗೇರಿನಲ್ಲಿದ್ದರೆ ನೆಗೆದು ಮೈಮೇಲೆ ಬರುತ್ತದೆ. ಬ್ಯಾಟರಿಯ ಹತ್ತಿರ ಕಿಡಿ ಹಾರಿದರೆ ಅದರಿಂದ ಹೊಮ್ಮುವ ಹೈಡ್ರೋಜನ್ ಹೊತ್ತಿಕೊಳ್ಳಬಹುದು. ಕೀಲಿ ತಿರುವಿ ಅಳೆಯುವಾಗಲೂ ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಎಂಜಿನ್ ಬಿಗಿದುಕೊಂಡಿದೆಯೋ ಎಂಬ ಅನುಮಾನ ಬಂದರೆ ಅಂಬಾಸಿಡರಿಗೆ ಹ್ಯಾಂಡಲ್ ಇದ್ದೇ ಇದೆ. ಕೀಲಿ ತೆಗೆದು, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು ನಿಧಾನವಾಗಿ ತಿರುವಿ ನೋಡಬಹುದು.

ನಮ್ಮ ಕಾರಿಗೆ ಹೊಸ ಪಟ್ಟಿ ಹಾಕಿ, ಬೋಲ್ಟು ಕೂರುವ ಜಾಗದ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದ ಮೇಲೆ ಎಂಜಿನ್ ಕಡೆಯ ನಷ್ಟ 0.15 ವೋಲ್ಟಿಗೆ ಇಳಿಯಿತು. ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ‘ಸುಟ್ಟಿದೆ’ ಎಂದು ಬಿಚ್ಚಿದ್ದ ಹಳೆಯ ಸೆಲ್ಫನ್ನು ಗ್ಯಾರೇಜಿನ ಗುಜರಿ ರಾಶಿಯಿಂದ ಕೇಳಿ ತಂದು ಪರೀಕ್ಷಿಸಿದರೆ, ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡುಗಳು ಸವೆದಿದ್ದುದನ್ನು ಬಿಟ್ಟರೆ ಬೇರೆ ದೋಷವಿರಲಿಲ್ಲ. ಕಾರ್ಬನ್ ಬದಲಿಸಿ ಅದನ್ನೇ ಮತ್ತೆ ಕೂರಿಸಿದ್ದೇವೆ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿದೆ. ಪದ್ಮಿನಿ ಕಾರುಗಳ ತಯಾರಿಕೆ ಅದಕ್ಕೂ ಮೊದಲೇ ನಿಂತಿತು. ಗುಜರಿಗೆ ಹೋಗುವ ಒಂದೊಂದು ಮೂಲ ಬಿಡಿಭಾಗಕ್ಕೂ ಬದಲಿ ಹುಡುಕುವುದು ಇನ್ನು ಮುಂದೆ ಕಷ್ಟವಾಗುತ್ತಲೇ ಹೋಗುತ್ತದೆ.

ಆದ್ದರಿಂದ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ಸಲಹೆಯನ್ನು ತಿದ್ದಿ, ಬ್ಯಾಟರಿಗೂ ಸೆಲ್ಫಿಗೂ ನಡುವಿನ ಈ ಅಳತೆಯ ವಿಧಾನವನ್ನು ಚಿತ್ರಸಹಿತ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ನಮ್ಮ ಜಿಲ್ಲೆಯ ಐಟಿಐಗಳ ಬೋಧಕರು ಬಯಸಿದರೆ, ಹರಿದ ಆ ಹಳೆಯ ಪಟ್ಟಿಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಕೊಡಲು ನಾನು ಸಿದ್ಧನಿದ್ದೇನೆ.

ಇಂತಿ,
ತಮ್ಮ ಬಹುಕಾಲದ ಓದುಗ, ಬಳ್ಳಾರಿ